ಗಣಿಯಲ್ಲಿ ಡೈನೋಸಾರ್ ಹಲ್ಲು

ಬುಧವಾರ, ಸೆಪ್ಟೆಂಬರ್ ೧೧. ಶಹಾಬಾದ್.

ನಿನ್ನೆ ಏಳನೇ ತರಗತಿಗೆ ಡೈನೋಸಾರ್ ಪಾಠ ಮಾಡಿದೆ. ಟಿ-ರೆಕ್ಸ್‌ನ ಹಲ್ಲು ಬೇರು ಸೇರಿ ಒಂದು ಗೇಣಿಗಿಂತ ಉದ್ದ ಎಂದೆ. ನಮ್ಮ ದೇಶದ ರಾಜಾಸಾರಸ್‌ನ ಮೂಳೆಗಳು ನರ್ಮದೆಯ ಕಡೆ ಕಲ್ಲಿನಲ್ಲಿ ಸಿಕ್ಕವು ಎಂದೆ. ಆ ತರಗತಿಯ ಹುಡುಗಿ ಲುಂಬಿನಿ 'ಕಲ್ಲಿನಲ್ಲಿ' ಎಂಬುದೊಂದನ್ನೇ ಹಿಡಿದುಕೊಂಡಳು.

ಇಂದು ಸಂಜೆ ಅವಳ ತಾಯಿ ರಮಾಬಾಯಿ ಓಡಿ ಬಂದರು.

"ಟೀಚರ, ಹುಡುಗಿ ಇನ್ನಾ ಮನಿಗಿ ಬಂದಿಲ್ರಿ. ಡೈನೋಸಾರ್ ಹಲ್ಲು ಹುಡುಕ್ತೀನಿ ಅಂತ ಮುಂಜಾನಿ ಅಂದಿದ್ಳು."

ಎಲ್ಲಿಗೆಂದು ನನಗೆ ತಕ್ಷಣ ಹೊಳೆಯಿತು. ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಮಳೆನೀರು ಎರಡಾಳು ಆಳಕ್ಕೆ ನಿಂತಿದೆ. ಇಬ್ಬರೂ ಓಡಿದೆವು. ಅಂಚಿನಲ್ಲಿ ಅವಳ ಚಪ್ಪಲಿ ಕಂಡವು. ರಮಾಬಾಯಿ ಅಲ್ಲೇ ಕುಸಿದರು. ನಾನು ಅಂಚಿಗೆ ಬಗ್ಗಿ ಅವಳ ಹೆಸರು ಕೂಗಿದೆ.

"ಟೀಚರ, ಇಲ್ಲಿದೀನ್ರಿ!"

ನೀರಿಗಿಂತ ಒಂದು ಮೊಳ ಮೇಲೆ, ಕಲ್ಲಿನ ಪದರದ ಮೇಲೆ ಕುಳಿತು ಮೊಳೆಯಿಂದ ಕೆರೆಯುತ್ತಿದ್ದಳು. "ಭಾಳ ಹೊತ್ತಿಂದ ಹುಡುಕ್ಲಿಕತ್ತೀನ್ರಿ. ಒಂದೂ ಸಿಕ್ಕಿಲ್ಲ."

ನಾನು ಜಾರದಂತೆ ರಮಾಬಾಯಿ ನನ್ನ ಕಾಲು ಹಿಡಿದರು. ನಾನು ಬೋರಲು ಮಲಗಿ ಅವಳನ್ನು ಮೇಲಕ್ಕೆಳೆದೆ. ಅವುಚಿಕೊಂಡೇ ಹೇಳಿದೆ, ನಮ್ಮ ಶಹಾಬಾದ್ ಕಲ್ಲು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು, ಇದರಲ್ಲಿ ಅವುಗಳ ಮೂಳೆ ಸಿಗುವುದೇ ಇಲ್ಲ ಎಂದು.

"ನಿನ್ನೇನೇ ಹೇಳಬೇಕಿತ್ತಲ್ರಿ ಟೀಚರ," ಎಂದಳು.

ನನಗೆ ಗೊತ್ತಿತ್ತು. ಗಂಟೆ ಬಾರಿಸಿತೆಂದು ಹೇಳದೆ ಬಿಟ್ಟಿದ್ದೆ.

ತರಗತಿಯಲ್ಲಿ ಇನ್ನೂ ಮೂವತ್ತೇಳು ಮಕ್ಕಳಿದ್ದಾರೆ. ಅವರಿಗೆ ಯಾರೂ ಇದನ್ನು ಹೇಳಿಲ್ಲ. ನಾಳೆ ಶಾಲೆಯ ಹೊತ್ತಿಗೆ ಮೊದಲೇ ಯಾರಾದರೂ ಎದ್ದು ಗಣಿಯ ಕಡೆ ಹೋದರೆ? ಬರೆಯುವುದನ್ನು ಇಲ್ಲಿಗೇ ನಿಲ್ಲಿಸಿ, ಈ ರಾತ್ರಿಯೇ ಮನೆಮನೆಗೆ ಹೋಗಿ ಹೇಳಿ ಬರುತ್ತೇನೆ.