ಶೇಖರಮ್ಮನ ಕಾಲಿನ ತಪ್ಪಲ್ಲ

ಅಕ್ಟೋಬರ್ 13, ಸೋಮವಾರ
ಬೆಳಗಿನ ಕ್ಲಾಸ್ ಅರ್ಧಕ್ಕೇ ನಿಂತಿತು. ಗಂಗಾವತಿಯ ಕಾಲುವೆ ರಸ್ತೆ. ಸ್ಟೇರಿಂಗ್ ಹಿಡಿದವರು ಶೇಖರಮ್ಮ, ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದ ನನ್ನ ಮೊದಲ ಶಿಷ್ಯೆ. ಮೂರನೇ ಗೇರ್ ಮತ್ತೆ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬಿತ್ತು. ಹಿಂದೆ ಭತ್ತದ ಟ್ರ್ಯಾಕ್ಟರ್... ಸ್ಟೇರಿಂಗ್‌ಗೆ ಕೈಹಾಕಿ ಗಾಡಿಯನ್ನು ಪಕ್ಕಕ್ಕೆ ಎಳೆದೆ.

"ನಾ ಏನರ ತಪ್ಪ ಮಾಡಿದ್ನೇನವಾ ಶಬೀನಾ?"

"ಇಲ್ರೀ ಅಮ್ಮಾರ. ಗಾಡೀನ ಹಂಗೈತಿ."

ಕೊಂಡು ವರ್ಷವೂ ಆಗಿಲ್ಲ. ದರಿದ್ರದ್ದು.

ಅಕ್ಟೋಬರ್ 16, ಗುರುವಾರ
ಕೊಪ್ಪಳದ ಷೋರೂಮ್‌ಗೆ ಮತ್ತೆ ಹೋದೆ. ಶೇಖರಮ್ಮನೂ ಜೊತೆಗೆ ಬಂದಿದ್ದರು. ಸರ್ವಿಸ್ ಮ್ಯಾನೇಜರ್ ಬಸವಕುಮಾರ ಹೈವೇಯಲ್ಲಿ ಒಂದು ರೌಂಡ್ ಹೊಡೆದು ಬಂದ. ಟೈ ಸರಿಮಾಡಿಕೊಂಡ.

"ಗಾಡಿ ಛಲೋ ಐತ್ರಿ ಮೇಡಂ. ಹೆಣ್ಮಕ್ಕಳು ಕಲಿಯೋ ಗಾಡಿ... ಕ್ಲಚ್ ಮ್ಯಾಲ ಕಾಲಿಟಗೊಂಡ ಓಡಸ್ತಾರ, ಅದಕ್ಕ ಗೇರ್ ಕಳಚತೈತಿ. ವಾರಂಟಿ ಬರಂಗಿಲ್ರಿ."

ಹೇಳುತ್ತಾ ಶೇಖರಮ್ಮನ ಕಾಲನ್ನೇ ನೋಡಿದ. ಅವರು ಕಾಲನ್ನು ಸೀರೆಯಂಚಿನೊಳಗೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಕಲಿಸುವ ಗಾಡಿ ಎಂದು ಗೊತ್ತಿದ್ದೇ ಮಾರಿದವರು ಇವರು. ನನ್ನ ಕಡೆಗೆ ಎರಡನೇ ಬ್ರೇಕ್ ಕೂಡಿಸಿಕೊಟ್ಟವರೂ ಇವರೇ! ಕೂಗಾಡಿದೆ. "ಕಂಪ್ಲೇಂಟ್ ಹಾಕ್ರಿ" ಎಂದ, ನಗುತ್ತಾ. ಹಾಕುತ್ತೇನೆ ಮಗನೇ.

ಅಕ್ಟೋಬರ್ 18, ಶನಿವಾರ
ಶೇಖರಮ್ಮ ಬರಲಿಲ್ಲ. ಫೋನ್ ಮಾಡಿದೆ.

"ನನ್ನಿಂದಾನ ನಿನ್ನ ಗಾಡಿ ಕೆಟ್ಟೈತವಾ. ಇನ್ನ ನಾ ಬರಂಗಿಲ್ಲ. ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕಿತ್ತು ನನಗ..."

ಇಟ್ಟೇಬಿಟ್ಟರು. ಕುಷ್ಟಗಿಯ ಮಗಳ ಮನೆಗೆ ಯಾರ ಹಂಗೂ ಇಲ್ಲದೆ ತಾನೇ ಓಡಿಸಿಕೊಂಡು ಹೋಗುತ್ತೇನೆ ಎನ್ನುತ್ತಿದ್ದವರು. ಗೇರ್‌ಬಾಕ್ಸ್ ಹಾಳಾಗಿ ಹೋಗಲಿ. ಇವರ ಧೈರ್ಯ ಕೆಡಿಸಿದವನನ್ನು ನಾನು ಬಿಡುವುದಿಲ್ಲ.

ನವೆಂಬರ್ 12, ಬುಧವಾರ
ಕಂಪನಿಗೆ ಹಾಕಿದ ಮೇಲ್‌ಗೆಲ್ಲ ಒಂದೇ ಉತ್ತರ — ಷೋರೂಮ್ ಸಂಪರ್ಕಿಸಿ. ಸಂಪರ್ಕಿಸಿದೆ. ಯಾ ಅಲ್ಲಾ, ಎಂಥ ದಿನ!

ಅಲ್ಲಿ ಹೊಸ ಕಾರಿನ ಡೆಲಿವರಿ. ಹಾರ, ಗಾಲಿಗೆ ನಿಂಬೆಹಣ್ಣು, ಫೋಟೋ. ಕೊಂಡವರು ಯಲಬುರ್ಗಾದ ಕೊಟ್ರಬಸಪ್ಪ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಕಾರು ಗೇಟ್ ದಾಟಬೇಕು. ಅದೇ ಗೇಟಿನಲ್ಲಿ ಒಳಗೆ ತಿರುಗುವಾಗ ನನ್ನ ಗಾಡಿ ಖಟ್ ಎಂದಿತು. ಗೇರ್ ಲಾಕ್. ಮುಂದೂ ಇಲ್ಲ, ಹಿಂದೂ ಇಲ್ಲ. ಮೆಕ್ಯಾನಿಕ್‌ಗಳು ಸೇರಿ ತಳ್ಳಿದರೂ ಗಾಲಿ ಉರುಳಲಿಲ್ಲ.

ಬಸವಕುಮಾರ ಓಡಿಬಂದ. "ಮೇಡಂ, ಲಗೂನ ತಗೀರಿ!"

ಕೀ ಅವನ ಕೈಗಿಟ್ಟೆ. "ಗಾಡಿ ಛಲೋ ಐತಲ್ರಿ. ನಿಮ್ಮ ಕಾಲೂ ಛಲೋ ಅದಾವ. ನೀವ ತಗೀರಿ."

ಕೂತ. ಎಳೆದ, ತುಳಿದ, ಟೈ ಸಡಿಲಿಸಿದ. ಊಹೂಂ. ಕೊಟ್ರಬಸಪ್ಪನವರು ವಾಚ್ ನೋಡಿದರು, ನನ್ನ ಕಾರು ನೋಡಿದರು, ಹಾರ ಹಾಕಿದ ತಮ್ಮದನ್ನು ನೋಡಿದರು. ಎರಡೂ ಒಂದೇ ಮಾಡೆಲ್.

"ಏನಪಾ, ನಮಗೂ ಇಂಥಾದ ಗೇರ್‌ಬಾಕ್ಸ್ ಹಾಕಿ ಕೊಟ್ಟೀಯೇನು?"

ಬಸವಕುಮಾರನ ಮುಖ ಹುಳ್ಳಗಾಯಿತು. ನನ್ನ ಪಕ್ಕ ಬಂದು ಮೆಲ್ಲಗೆ, "ಹೊಸಾದು ಹಾಕಿಕೊಡ್ತೀವ್ರಿ. ನಮ್ಮ ಕಸ್ಟಮರ್ ಅಂತ... ಗುಡ್‌ವಿಲ್ ಮ್ಯಾಲ, ವಾರಂಟಿ ಅಲ್ರಿ."

"ನಿಮ್ಮ ಮೆಹರಬಾನಿ ಬ್ಯಾಡ್ರಿ. ಶೇಖರಮ್ಮಾರಿಗೆ ಫೋನ್ ಹಚ್ಚೇನಿ. ಖರೇ ಏನೈತಿ ಹೇಳ್ರಿ."

ಸ್ಪೀಕರ್ ಹಾಕಿದೆ. ಎಲ್ಲರ ಮುಂದೆ. ಬಸವಕುಮಾರ ಫೋನಿನತ್ತ ಬಗ್ಗಿದ.

"ಅಮ್ಮಾರ... ಗೇರ್‌ಬಾಕ್ಸ್ ಕಂಪನಿಯಿಂದಾನ ಖರಾಬ್ ಬಂದೈತ್ರಿ. ವಾರಂಟಿಯೊಳಗ ಬದಲ ಮಾಡ್ತೀವ್ರಿ. ನಿಮ್ಮ ಕಾಲಿನ ತಪ್ಪಲ್ರಿ."

ಆ ಕಡೆಯಿಂದ ಶೇಖರಮ್ಮ ಕೇಳಿದರು:

"ಮತ್ತ ಅವತ್ತ ಯಾಕ ನನ್ನ ಕಾಲ ನೋಡಿದ್ಯೋ ತಮ್ಮಾ?"

ಅವನು ಈಗ ತನ್ನ ಕಾಲನ್ನೇ ನೋಡಿಕೊಂಡ. ನನಗೆ ಕಣ್ಣಲ್ಲಿ ನೀರು ಬಂತು. ಖುಷಿಗೇ ಬಂತು. ಅಷ್ಟರಲ್ಲಿ ರಾಹುಕಾಲ ಶುರುವಾಗಿತ್ತು. ಪಾಪ, ಕೊಟ್ರಬಸಪ್ಪ.

ನವೆಂಬರ್ 27, ಗುರುವಾರ, ಬೆಳಿಗ್ಗೆ
ಹೊಸ ಗೇರ್‌ಬಾಕ್ಸ್ ಬಂದಿದೆ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತವೆ ಗೇರ್. ಅಮ್ಮಿ ಬೆಳಗ್ಗೆಯೇ ಗಾಡಿಗೆ ಲೋಬಾನದ ಹೊಗೆ ತೋರಿಸಿದಳು. ಚಹಾ ಕುಡಿಯುತ್ತಾ ಬರೆಯುತ್ತಿದ್ದೇನೆ. ಶೇಖರಮ್ಮ ಆಗಲೇ ಬಂದು ಡ್ರೈವರ್ ಸೀಟಿನಲ್ಲಿ ಕೂತಾಗಿದೆ. ಇವತ್ತೂ ಕಾಲುವೆ ರಸ್ತೆ ಎಂದಿದ್ದೆ.

"ಬ್ಯಾಡ. ಕೊಪ್ಪಳಕ್ಕ ಹೋಗೂಣು. ಆ ಷೋರೂಮ್ ಮುಂದ ಹಾಯ್ದು."

"ಅಲ್ಲೇನ್ ಕೆಲಸ ಐತ್ರಿ?"

"ಏನಿಲ್ಲವಾ. ಮೂರನೇ ಗೇರಿನ್ಯಾಗ ಹಂಗ ಹಾಯ್ದು ಬರೂಣು."

ಹಾರ್ನ್ ಹೊಡೆಯುತ್ತಿದ್ದಾರೆ. ಮತ್ತೆ ಹೊಡೆದರು. ಓಣಿಯೇ ಎದ್ದೀತು. ಬಂದೆ, ಬಂದೆ, ಚಪ್ಪಲಿ ಎಲ್ಲಿ—