ಕುರ್ಚಿ ಎಳೆದುಕೊಂಡರೆ ಒಂದು ಅಂಕ

ಮಾರ್ಚ್ ೧೪, ಮಂಗಳವಾರ

ಚಿರಂಜೀವಿ ಚಿನಕುರಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಕನ್ನಡಕವನ್ನು ದೂರಬಹುದಿತ್ತು, ಆದರೆ ಕನ್ನಡಕ ಚೆನ್ನಾಗಿಯೇ ಇದೆ. ಸಿಟ್ಟು ಇಳಿಯಲಿ ಅಂತ ಕಾಯುತ್ತಿದ್ದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊಣಕಾಲು ಪರವಾಗಿಲ್ಲ. ಕೆಳಮನೆಯ ದರ್ಜಿ ನನ್ನ ಕೋಟನ್ನು ಎರಡು ಬೆರಳು ಒಳಗೆ ಹಿಡಿದು ಹೊಲಿದುಕೊಟ್ಟ. "ಇಂಟರ್‌ನ್ಯಾಷನಲ್ ಮನುಷ್ಯ ನೀವು ಯಜಮಾನ್ರೇ, ಹೀಗೆ ಜೋತಾಡಬಾರ್ದು" ಅಂದ.

ನೀನು ಬರೆದದ್ದು ನಾಲ್ಕೇ ಸಾಲು. "ವಿರೋಧದ ಪತ್ರವನ್ನು ಹದಿನೇಳರೊಳಗೆ ವಾಪಸು ತಗೋ. ನಮ್ಮ ವಿಭಾಗದ ಹೆಡ್ ನನ್ನ ಮುಖ ನೋಡುತ್ತಿಲ್ಲ. ನನ್ನ ಪ್ರೊಫೆಸರ್ ಹುದ್ದೆ ಅವರ ಕೈಲಿದೆ." ನಾಲ್ಕನೆಯ ಸಾಲು ಸದ್ಯಕ್ಕೆ ಹಾಗಿರಲಿ. ಸಭೆಯಲ್ಲಿ ಆದದ್ದನ್ನು ನಿನ್ನ ಹೆಡ್ ಬಾಯಿಂದ ಕೇಳಿದ್ದೀಯ, ಈಗ ನನ್ನಿಂದಲೂ ಕೇಳು. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಮೊದಲಿಂದ ಶುರುಮಾಡದಿದ್ದರೆ ನನಗೆ ಕೊನೆ ಸಿಗುವುದಿಲ್ಲ.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಬೂಟಿನಂಗಡಿಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಕಾಲು ಅಳೆದವನು. ಹನ್ನೆರಡು ವರ್ಷದಿಂದ ನಿಮ್ಮ ವೈದ್ಯಕೀಯ ಕಾಲೇಜಿನಲ್ಲಿ ರೋಗಿಯ ವೇಷ. ವಿದ್ಯಾರ್ಥಿ ಬರುತ್ತಾನೆ, ನನಗೆ ವಾಸಿಯಾಗದ ಕಾಯಿಲೆ ಅಂತ ಹೇಳುತ್ತಾನೆ, ಅವನು ಹೇಗೆ ಹೇಳಿದ ಅಂತ ನಾನು ಅಂಕ ಹಾಕುತ್ತೇನೆ. ವೈದ್ಯಶಿಕ್ಷಕರ ಅಂತರರಾಷ್ಟ್ರೀಯ ಸಂಘದವರಿಗೆ ಒಂದು ದಿನ ಜ್ಞಾನೋದಯವಾಗಿ, ಕಲಿಸುವ ರೋಗಿಗಳಿಗೂ ಮಂಡಳಿಯಲ್ಲಿ ಒಂದು ಸ್ಥಾನ ಇರಲಿ ಅಂದರು. ನಿನ್ನ ಹೆಡ್ ಸೇರಿ ಹನ್ನೊಂದು ಜನ ಮಹಾಪಂಡಿತರು, ಹನ್ನೆರಡನೆಯವನು ನಾನು. ಫೋಟೋಕ್ಕೆ ಅಂತ ಕರೆದಿದ್ದರು. ಫೋಟೋ ಬಾಯಿ ಬಿಟ್ಟುಬಿಟ್ಟಿತು, ಅದೇ ಗಲಾಟೆ.

ನಾವು ಅಂಕ ಹಾಕುವ ಸಂಘದ ಪಟ್ಟಿಯ ಮೂರನೇ ಸಾಲು ನಿನಗೂ ಬಾಯಿಪಾಠ: "ಮಾತಾಡುವ ಮೊದಲು ಕುರ್ಚಿ ಎಳೆದುಕೊಂಡು ಕೂತರೆ ಒಂದು ಅಂಕ." ಆ ಸಾಲನ್ನು ತೆಗೆಯಬೇಕು ಅಂತ ನಿನ್ನ ಹೆಡ್ ನಿರ್ಣಯ ತಂದರು. ಉದ್ದನೆ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ, ನನ್ನ ಕಿವಿಯಲ್ಲಿ ದುಭಾಷಿ ಹೆಂಗಸಿನ ಪಿಸುಮಾತು. ಕೈ ಎತ್ತಿ ಅಂದರು. ಹನ್ನೊಂದು ಕೈ ಎದ್ದವು. ವಿರೋಧ ಇದೆಯೇ ಅಂದರು. ಎದ್ದು ನಿಂತೆ. ಬಿ.ಎ. ಎರಡನೇ ವರ್ಷಕ್ಕೇ ಮುಗ್ಗರಿಸಿದ ನನ್ನ ಇಂಗ್ಲಿಷನ್ನು ನೆಚ್ಚಿಕೊಂಡು "ಐ ಬೆಗ್ ಟು ಡಿಫರ್" ಅನ್ನಲು ಹೋದೆ, ಬಂದದ್ದು ರಜಾ ಅರ್ಜಿಯ "ಐ ಬೆಗ್ ಟು ರಿಮೇನ್, ಸರ್!" ಖಜಾಂಚಿ ನೀರು ಕುಡಿಯುತ್ತಿದ್ದವನು ಕೆಮ್ಮಿ ಕೆಮ್ಮಿ ಕೆಂಪಾದ. ಆಮೇಲೆ ಕನ್ನಡಕ್ಕೇ ಇಳಿದೆ, ದುಭಾಷಿಗೆ ಕೈತುಂಬ ಕೆಲಸ.

ನಿನ್ನ ಹೆಡ್ ನಗುನಗುತ್ತಲೇ ಅಂದರು: "ನೋಡಿ ಹಿರಿಯರೇ, ಹತ್ತು ನಿಮಿಷದ ಪರೀಕ್ಷೆ. ಕುರ್ಚಿ ಎಳೆಯೋದ್ರಲ್ಲೇ ಅರ್ಧ ನಿಮಿಷ ಹೋಗುತ್ತೆ. ಅದೂ ಅಂಕಕ್ಕೋಸ್ಕರ ಕೂರೋ ನಾಟಕ ಅಷ್ಟೆ."

"ನಾಟಕ ಆಡ್ಲಿ ಬಿಡಿ ಸಾರ್. ಹನ್ನೆರಡು ವರ್ಷದಿಂದ ಸಾಯೋ ನಾಟಕ ನಾನೂ ಆಡ್ತಿದೀನಲ್ಲ. ಅಂಕಕ್ಕೋಸ್ಕರ ನೂರು ಸಲ ಕೂತವನಿಗೆ ನೂರೊಂದನೇ ಸಲ ಕಾಲು ತಾನಾಗೇ ಮಡಚುತ್ತೆ."

"ಎಲ್ಲಾ ವಾರ್ಡಲ್ಲೂ ಕುರ್ಚಿ ಇರಲ್ಲ, ಮಾರಾಯ್ರೇ."

"ಹಂಗಾದ್ರೆ ಕುರ್ಚಿ ತರಿಸಿ. ಇರೋ ಸಾಲು ಯಾಕೆ ಅಳಿಸ್ತೀರಿ?"

ಹನ್ನೊಂದು ಮತಗಳಲ್ಲಿ ಒಂದೂ ಬದಲಾಗಲಿಲ್ಲ. ಆದರೆ ನಿಯಮಾವಳಿ ಪುಸ್ತಕವನ್ನು ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ವಾರ ಓದಿದ್ದೆ. ಮಂಡಳಿಯಲ್ಲಿ ಒಬ್ಬನೇ ಆದರೂ ಬರಹದಲ್ಲಿ ವಿರೋಧಿಸಿದರೆ ವಿಷಯ ಸರ್ವಸದಸ್ಯರ ಸಭೆಗೆ ಹೋಗಲೇಬೇಕು. ಅಲ್ಲೇ, ಅವರ ಪೆನ್ನಿನಲ್ಲೇ ಬರೆದುಕೊಟ್ಟೆ. ಪೆನ್ನನ್ನೂ ವಾಪಸು ಕೊಡಲಿಲ್ಲ. ಈ ಪತ್ರ ಅದರಲ್ಲೇ ಬರೆಯುತ್ತಿದ್ದೇನೆ.

ಆದ್ದರಿಂದ, ತಾಯೀ, ಹಿಂದಕ್ಕೆ ತಗೊಳ್ಳುವುದಿಲ್ಲ. ಹದಿನೇಳಕ್ಕೂ ಇಲ್ಲ, ಎಪ್ಪತ್ತೇಳಕ್ಕೂ ಇಲ್ಲ. ನಿನ್ನ ಹುದ್ದೆಗೆ ಕಲ್ಲು ಬಿದ್ದರೆ ನನ್ನನ್ನು ಬಾಯಿತುಂಬ ಬೈದುಕೋ, ಬೈಸಿಕೊಳ್ಳುತ್ತೇನೆ. ಹೆಡ್ ಕೇಳಿದರೆ "ನಮ್ಮಪ್ಪ ನನ್ನ ಮಾತು ಕೇಳಲ್ಲ ಸಾರ್" ಅನ್ನು. ಅದು ಸುಳ್ಳಂತೂ ಅಲ್ಲ. ಅವರಿಗೆ ನನ್ನ ಮೇಲಿರುವ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡರೆ, ಆ ಮನುಷ್ಯನಿಂದ ಸಿಗುವ ಹುದ್ದೆ ಎಂಥದ್ದು ಅಂತ ನೀನೇ ಯೋಚಿಸು. ಜೂನ್‌ನಲ್ಲಿ ಸರ್ವಸದಸ್ಯರ ಸಭೆ. ದರ್ಜಿ ಹಿಡಿದುಕೊಟ್ಟ ಕೋಟು ಹಾಕಿಕೊಂಡು ಹೋಗುತ್ತೇನೆ. ಅಲ್ಲೂ ಸೋತರೆ, ನನ್ನ ಕೋಣೆಗೆ ಬರುವ ಒಬ್ಬೊಬ್ಬ ವಿದ್ಯಾರ್ಥಿಗೂ ಅಂಕವಿಲ್ಲದೆಯೇ ಹೇಳುತ್ತೇನೆ: ಮೊದಲು ಕೂತ್ಕೋ ಮಗಾ.

ಅಳಿಯನಿಗೂ ಮೊಮ್ಮಗಳಿಗೂ ಆಶೀರ್ವಾದ. ಅವಳ ಹೊಸ ಬೂಟು ಹೆಬ್ಬೆರಳ ಹತ್ತಿರ ಬಿಗಿಯಾದರೆ ತಿಳಿಸು. ನಿನಗೆ ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ವರ್ಷ ಬಾಳು.

ಇಂತಿ,
ನಿನ್ನ ಮಾತು ಕೇಳದ ಅಪ್ಪ

ಮತ್ತೆ: ಮರೆತಿದ್ದೆ ಅಂತ ಬರೆಯಲು ಹೊರಟೆ. ಮರೆತಿರಲಿಲ್ಲ. ನಿನ್ನ ನಾಲ್ಕನೆಯ ಸಾಲು: "ಅಮ್ಮನ ಪಕ್ಕದಲ್ಲಿ ಕೂತು ಅವಳ ಕಾಯಿಲೆಯ ವಿಷಯ ಅಷ್ಟು ಚೆನ್ನಾಗಿ ಹೇಳಿದೆಯಲ್ಲಪ್ಪ, ನಿನಗೆ ಅಷ್ಟು ಸಾಲದಾ?"

ಕೂರಲಿಲ್ಲ ಮಗಳೇ. ಆಗಲೇ ಎಂಟು ವರ್ಷದಿಂದ ವಿದ್ಯಾರ್ಥಿಗಳಿಗೆ ಕೂರುವುದನ್ನು ಕಲಿಸುತ್ತಿದ್ದವನು ನಾನು. ಅಮ್ಮ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದಳು. ಎದುರಿಗೇ ಖಾಲಿ ಕುರ್ಚಿ. ನಾನು ಬಾಗಿಲ ಚಿಲಕದ ಮೇಲಿಂದ ಕೈ ತೆಗೆಯದೆ "ರಿಪೋರ್ಟ್ ಬಂತು, ಅದೇ ಅಂತೆ" ಅಂದೆ. ಬಲ್ಬು ತರಬೇಕು ಅಂತ ಹೊರಟೇಬಿಟ್ಟೆ. ಒಂದು ಗಂಟೆ ಬೀದಿ ಸುತ್ತಿ ಬಂದಾಗ ಬಟಾಣಿಯೆಲ್ಲ ಸುಲಿದು ಮುಗಿದಿತ್ತು. "ಬಲ್ಬೆಲ್ಲಿ?" ಅಂದಳು. ಬರಿಗೈಯಲ್ಲಿ ಬಂದಿದ್ದೆ.

ಸಂಜೆ ನೀನು ಫೋನ್ ಮಾಡಿದಾಗ "ಅಪ್ಪ ಪಕ್ಕದಲ್ಲೇ ಕೂತು ನಿಧಾನಕ್ಕೆ ಹೇಳಿದ್ರು ಕಣೇ" ಅಂದವಳು ಅವಳೇ. ನಾನು ಅಲ್ಲೇ, ನಿಂತುಕೊಂಡೇ, ಕೇಳಿಸಿಕೊಂಡೆ.