ಅಕ್ಕನ ಹೊಸ ಮುಖ

ಜೂನ್ 27, ಶುಕ್ರವಾರ. ಸಂಜೆ 7

ಇಂದಿನ ಬೇಟೆ ಮೂರು ಮುಖ. ಅಪ್ಪನ ಅಂಗಡಿಯಲ್ಲಿ ಮರದ ಬುಗುರಿಗೆ ಚೌಕಾಸಿ ಮಾಡುತ್ತಾ ಮೂಗಿನ ಒಂದೇ ಹೊಳ್ಳೆ ಅರಳಿಸಿದ ಗಿರಾಕಿ. ಎದುರಿನ ಟೀ ಅಂಗಡಿ ಮುನಿಶಾಮಯ್ಯ, ಹಾಲು ಉಕ್ಕಿದ ಕ್ಷಣದಲ್ಲಿ. ಹೂವಿನ ಚಿನ್ನಮ್ಮ. ಮೂರನ್ನೂ ಊಟವಾದ ಮೇಲೆ ಕುಟುಂಬದ ಮಹಾಸಭೆಯಲ್ಲಿ ಮಂಡಿಸಲಾಗುವುದು.

ಸಂಶೋಧನೆಯ ಸಾರ: ಒಬ್ಬರ ಮುಖವನ್ನು ಸರಿಯಾಗಿ ಹಾಕಿಕೊಂಡು ಎರಡು ನಿಮಿಷ ಹಿಡಿದರೆ ಅವರ ಒಳಗಿನದೂ ಬಂದುಬಿಡುತ್ತದೆ. ಮುನಿಶಾಮಯ್ಯನ ಹುಬ್ಬು ಹಿಡಿದೆ — ಯಾರ ಮೇಲೂ ಅಲ್ಲದ ಸಿಟ್ಟು ಬಂತು. ಚಿನ್ನಮ್ಮನ ತುಟಿ ಹಿಡಿದೆ — ಅಳು ಬಂತು. ಆಮೇಲೆ ವಿಚಾರಿಸಿದರೆ ಅವರ ಮಗಳು ಆಸ್ಪತ್ರೆಯಲ್ಲಂತೆ. ವಿಜ್ಞಾನ ಗೆದ್ದಿತು. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ದಿವ್ಯಕ್ಕ ಬಂದಿದ್ದಾಳೆ. ಮೇ ತಿಂಗಳಲ್ಲಿ ಮದುವೆಯಾಯಿತು, ಇದು ಮೊದಲ ಆಷಾಢ, ಒಂದು ತಿಂಗಳು ತವರು. ಭೀಮನ ಅಮಾವಾಸ್ಯೆಗೆ ಲೋಕೇಶ್ ಭಾವ ಬಂದು, ಪಾದಪೂಜೆ ಮಾಡಿಸಿಕೊಂಡು, ಕನಕಪುರಕ್ಕೆ ವಾಪಸ್ ಕರೆದೊಯ್ಯುತ್ತಾರೆ.

ಜೂನ್ 30, ಸೋಮವಾರ

ದಿನಕ್ಕೆ ಮೂರು ಸಲ ಭಾವನ ವಿಡಿಯೋ ಕಾಲ್. ಫೋನ್ ಬಡಿದುಕೊಂಡಾಗಲೆಲ್ಲ ಅಕ್ಕ ಒಂದು ಹೊಸ ಮುಖ ಹಾಕಿಕೊಳ್ಳುತ್ತಾಳೆ. ತುಟಿ ನಗುತ್ತದೆ. ಗದ್ದ ಒಳಗೆ. ಎಡಭುಜ ಒಸಿ ಮೇಲೆ, ಎಡಗಣ್ಣು ಅರ್ಧ ಮುಚ್ಚಿ... ನನ್ನ ಭಂಡಾರದಲ್ಲಿ ಇಲ್ಲದ ಮಾಲು. ಹೆಸರಿಟ್ಟೆ: 'ನವವಧುವಿನ ನಾಚಿಕೆ, ಐಟಂ ನಲವತ್ತೊಂದು'.

ಅಜ್ಜಿಗೆ ತೋರಿಸಬೇಕು. ಶಿವಲಿಂಗಮ್ಮನವರು ನಗುವುದು ಅಪರೂಪ. ಬಲಗಡೆ ಕೂತು ಹೇಳಬೇಕು, ಎಡಗಿವಿ ಕೇಳಿಸುವುದಿಲ್ಲ. ಅಜ್ಜಿಗೆ ಮದುವೆಯಾದ ವರ್ಷ ಜ್ವರ ಬಂದು ಆ ಕಿವಿ ಹೋಯಿತಂತೆ.

ಜುಲೈ 5, ಶನಿವಾರ. ಮಧ್ಯಾಹ್ನ

ಐಟಂ ನಲವತ್ತೊಂದನ್ನು ಕನ್ನಡಿ ಮುಂದೆ ಹಿಡಿದೆ. ನಾಚಿಕೆ ಬರಲಿಲ್ಲ.

ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿತು. ಒಂದೂವರೆ ನಿಮಿಷಕ್ಕೆ ನನ್ನ ಎಡಗೈ ತಾನಾಗಿ ಎದ್ದು ಎಡಗಿವಿ ಮುಚ್ಚಿಕೊಂಡಿತು. ನಾನು ಎತ್ತಲಿಲ್ಲ.

ಎರಡನೆಯ ಸಲವೂ ಹಾಗೇ.

ಇದು ನಾಚಿಕೆಯಲ್ಲ. ಏಟಿಗೆ ಕಾಯುವ ಮುಖ.

ಜುಲೈ 6, ಭಾನುವಾರ

ಮದುವೆಗೆ ಮೊದಲು ಅಕ್ಕ ಫೋನನ್ನು ಎಡಗಿವಿಗೆ ಇಡುತ್ತಿದ್ದಳು. ಈಗ ಬಲಗಿವಿಗೆ. ಎಡಗಡೆ ನಿಂತು ಮೆತ್ತಗೆ ಕರೆದೆ. ಎರಡು ಸಲ. ತಿರುಗಲಿಲ್ಲ.

ಭಾವ ಹೊಡೆಯುತ್ತಾರಾ ಅಂತ ನೇರ ಕೇಳಿದೆ. ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು.

"ನಿಂಗೆಲ್ಲಾ ಆಟ ಕಣೆ ಕವನ," ಅಂದಳು. ಸಿಪ್ಪೆ ಬದಿಗೆ ತಳ್ಳಿ, "ಅಪ್ಪಂಗೆ ಹೇಳ್ಬೇಡ."

ಜುಲೈ 19, ಶನಿವಾರ

ಹದಿಮೂರು ದಿನ ಯಾರ ಮುಖವನ್ನೂ ಮಾಡಲಿಲ್ಲ. ಅಮ್ಮ ಮೈ ಹುಷಾರಿಲ್ಲವಾ ಅಂತ ಹಣೆ ಮುಟ್ಟಿ ನೋಡಿದರು.

ಇವತ್ತು ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಕಾದರು — ನಾನು ಯಾವಾಗ ನಗುತ್ತೇನೆ ಅಂತ. ಹೋದ ವರ್ಷ ಇದೇ ಗಂಭೀರ ಮುಖ ಹೊತ್ತು, ಪಕ್ಕದ ಮನೆ ಮದುವೆ ನಿಂತುಹೋಯಿತು ಅಂತ ನಂಬಿಸಿ, ಇಡೀ ಬೀದಿಯನ್ನು ಅವರ ಬಾಗಿಲಿಗೆ ಅಳಲು ಕಳಿಸಿದವಳು ನಾನೇ. ಅಕ್ಕನನ್ನು ಕರೆದು ಕೇಳಿದರು. ಹಂಗೇನಿಲ್ಲ ಅಂದಳು, ನಕ್ಕಳು. ಅಪ್ಪನಿಗೆ ಅಷ್ಟೇ ಸಾಕಾಯಿತು.

ಅತಿ ಶ್ರೇಷ್ಠ ಕಲಾವಿದೆ ಕವನ. ಅವಳ ಸ್ವಂತ ಮುಖಕ್ಕೆ ಕಾಸಿನ ಬೆಲೆ ಇಲ್ಲ.

ಇನ್ನು ಐದು ದಿನ.

ಜುಲೈ 23, ಬುಧವಾರ

ಅಕ್ಕನ ಬ್ಯಾಗು ಬಾಗಿಲ ಹತ್ತಿರ. ಜಿಪ್ ಹಾಕಿ ಆಗಿದೆ. ಭಾವನ ಮುಖ ಇದುವರೆಗೆ ಮಾಡಿರಲಿಲ್ಲ. ಮದುವೆ ವಿಡಿಯೋ ನೋಡಿ ಹಾಕಿಕೊಂಡೆ, ಆ ನಗು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ನೆಮ್ಮದಿ ಬಂತು... ಏನೂ ಅವಸರವಿಲ್ಲದವರ ನೆಮ್ಮದಿ. ಬೇಗ ಮುಖ ತೊಳೆದುಕೊಂಡೆ.

ಜುಲೈ 24, ಅಮಾವಾಸ್ಯೆ. ಮಧ್ಯಾಹ್ನ 3.40

ಚಿಲಕ ಹಾಕಿ ಬರೆಯುತ್ತಿದ್ದೇನೆ. ಅಕ್ಕ ಪಕ್ಕದಲ್ಲಿದ್ದಾಳೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಪೂಜೆ. ಅಕ್ಕ ಭಾವನ ಪಾದ ತೊಳೆದಳು, ಅರಿಶಿನದ ದಾರ ಕಟ್ಟಿಸಿಕೊಂಡಳು, ಬಗ್ಗಿದಳು. ಅಕ್ಷತೆ ಹಾಕಲು ಭಾವ ಕೈ ಎತ್ತಿದರು. ಅಷ್ಟೇ. ಅಕ್ಕನ ಭುಜ ಮೇಲೆದ್ದಿತು, ಕಣ್ಣು ಮುಚ್ಚಿತು. ಕಾಳು ತಲೆ ಮೇಲೆ ಬಿತ್ತು. ನಾಚಿಕೊಂಡಳು ಅಂತ ಎಲ್ಲರೂ ನಕ್ಕರು.

ಊಟವಾದ ಮೇಲೆ ಅಳಿಯನ ಮುಂದೆ ಮಗಳ ಪ್ರತಿಭೆ ತೋರಿಸುವ ಆಸೆ ಅಪ್ಪನಿಗೆ. ಒಂದು ಮುಖ ಮಾಡು ಅಂದರು. ನಂದೇ ಮಾಡು ಅಂದರು ಭಾವ.

ಅಕ್ಕಂದು ಮಾಡಿದೆ.

ನಕ್ಕರು. ಥೇಟ್ ದಿವ್ಯ ಅಂದರು ಅಮ್ಮ. ನಾನು ಬಿಡಲಿಲ್ಲ. ಹಿಡಿದೇ ನಿಂತೆ. ಒಂದು ನಿಮಿಷ. ನಗು ಒಂದೊಂದಾಗಿ ನಿಂತಿತು. ನನ್ನ ಕೈ ಕಿವಿಗೆ ಹೋಯಿತು. ಆಗ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿಯನ್ನು ಕಂಡೆ. ಅಡಕತ್ತರಿ ಮಡಿಲಲ್ಲಿ ಬಿದ್ದಿತ್ತು. ಅಜ್ಜಿಯ ಎಡಭುಜ ಮೇಲಿತ್ತು. ಎಡಗೈ ಕೇಳದ ಆ ಕಿವಿಯ ಮೇಲಿತ್ತು.

"ಯಾರ ಮಖವೇ ಅದು?"

"ಅಕ್ಕಂದು ಅಜ್ಜಿ."

ಅಜ್ಜಿ ಅಪ್ಪನ ಕಡೆ ತಿರುಗಿದರು. "ನಂಗೆ ಯಾವ ಜ್ವರಾನೂ ಬಂದಿರ್ನಿಲ್ಲ ಕಣ್ಲಾ ಅನಂತರಾಜು." ಆಮೇಲೆ ಅಕ್ಕನಿಗೆ, "ದಿವ್ಯ, ಬ್ಯಾಗು ಒಳಿಕ್ಕೆ ಮಡಗು."

ಅಪ್ಪ ಮೊದಲ ಸಲ ಅಕ್ಕನ ಮುಖ ನೋಡಿದರು. ಭಾವ ಎದ್ದು ನಿಂತರು, ನಗುತ್ತಲೇ. ಹೆಂಡತಿ ಜೊತೆ ಎರಡು ಮಾತಾಡಿ ಬರುತ್ತೇನೆ ಅಂದರು. ಅಷ್ಟರಲ್ಲಿ ನಾನು ಅಕ್ಕನನ್ನು ರೂಮಿಗೆ ಎಳೆದುಕೊಂಡು ಬಂದೆ.

ಹಾಲ್‌ನಲ್ಲಿ ಅಪ್ಪನ ದನಿ. ಏನನ್ನುತ್ತಿದ್ದಾರೋ ಕೇಳಿಸುತ್ತಿಲ್ಲ. ಭಾವನದು ಜೋರೇ ಇಲ್ಲ. ಈಗ ಇಬ್ಬರದೂ ನಿಂತಿದೆ.

ಹೆಜ್ಜೆ. ಬಾಗಿಲು ತಟ್ಟುತ್ತಿದ್ದಾರೆ... ಮೆತ್ತಗೆ, ಅವಸರವಿಲ್ಲದೆ. ಅಕ್ಕನ ಕೈ ಕಿವಿಗೆ ಹೋಯಿತು.

ನಾನು ಏನೂ ನಕಲು ಮಾಡುತ್ತಿಲ್ಲ. ಆದರೂ ನನ್ನ ಕೈ —